ಎರಡು ಸೀಟಿನ ಚಂದ್ರಿಕೆ

ಅಗರದ ರುದ್ರಸ್ವಾಮಿಯ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಹಕ್ಕು ಇಬ್ಬರಿಗೆ ಮಾತ್ರ ಇತ್ತು. ಒಬ್ಬಳು ಹೆಂಡತಿ ಶಿವರಂಜನಿ, ಇನ್ನೊಬ್ಬಳು ತಾಯಿ ಮಹಾದೇವಮ್ಮ. ಮದುವೆಯಾದಾಗಿನಿಂದ ರುದ್ರಸ್ವಾಮಿ ಮನೆಯೊಳಗೆ ದನಿ ಏರಿಸಿದ್ದು ಒಂದೇ ಸಲ, ಅದೂ ಬಚ್ಚಲಲ್ಲಿ ಚೇಳು ಕಂಡಾಗ. ಹೀಗಿರುವಾಗ ತನ್ನ ಪರವಾಗಿ ಗುಡುಗುವ ಒಂದು ಗಂಡು ದನಿ ಮನೆಯಲ್ಲಿರಲಿ ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೆಂದೇ ಅವನು ಒಂದು ಹಳೇ ಜಪಾನಿ ಸ್ಪೋರ್ಟ್ಸ್ ಕಾರು ತಂದ. ತಂದು ಮೂರು ವರ್ಷವಾದರೂ ಅದು ಬಾಯಿ ಬಿಡಲಿಲ್ಲ ಎಂಬುದು ಬೇರೆ ಮಾತು. (ಮನೆಗೆ ತಕ್ಕ ಗಂಡಸೇ ಬಂದ ಎಂದು ಶಿವರಂಜನಿ ಪಕ್ಕದ ಮನೆಯವರ ಹತ್ತಿರ ಹೇಳಿ ನಕ್ಕಿದ್ದಳು.)

ಅದು ಡಾಟ್ಸನ್ ಕಾರು, ರುದ್ರಸ್ವಾಮಿ ಹುಟ್ಟುವುದಕ್ಕೂ ಮೊದಲಿನದು. ಉದ್ದ ಮೂತಿ, ಗಿಡ್ಡ ಬೆನ್ನು, ನೆಲಕ್ಕೆ ತಾಗುವಂಥ ಹೊಟ್ಟೆ. ಬಿಳಿಗಿರಿರಂಗನ ಬೆಟ್ಟದ ಒಂದು ಕಾಫಿ ತೋಟದ ಷೆಡ್ಡಿನಲ್ಲಿ ಬಿದ್ದಿತ್ತು. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ರುದ್ರಸ್ವಾಮಿ ಅದನ್ನು ಕಂಡವನೇ ಮರುಳಾಗಿ, ತನ್ನ ಪವರ್ ಟಿಲ್ಲರನ್ನು ತೋಟದವರಿಗೆ ಕೊಟ್ಟು, ಕಾರನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಮನೆ ಮುಂದೆ ಇಳಿಸಿದಾಗ ಮಹಾದೇವಮ್ಮ ಅದನ್ನು ಒಂದು ಸುತ್ತು ಬಂದು, ಕನ್ನಡಕ ಒರೆಸಿಕೊಂಡು, ಇನ್ನೊಂದು ಸುತ್ತು ಬಂದಳು.

"ಹಿಂದ್ಗಡೆ ಸೀಟೆಲ್ಲಪ್ಪಾ?"

"ಇದ್ಕೆ ಹಿಂದ್ಗಡೆ ಸೀಟಿಲ್ಲ ಕಣವ್ವ. ಇಬ್ರೇ ಕೂರದು. ಸ್ಪೋರ್ಟ್ಸ್ ಕಾರು."

"ಓಹೋ. ಅತ್ತೇನ ಮನೇಲಿ ಬುಟ್ಟು ಓಗಕೆ ಅಂತ್ಲೇ ಮಾಡವ್ರೆ."

"ನನ್ ಮಕ ಯಾಕತ್ತೆ ನೋಡೀರಿ?" ಎಂದಳು ಶಿವರಂಜನಿ. "ನಾನೇನ್ ಜಪಾನ್ನೋರ್ಗೆ ಕಾಗ್ದ ಬರ್ದಿದ್ನಾ, ಅತ್ತೆ ಸೀಟು ಬ್ಯಾಡ ಅಂತ?"

ಊರಿನವರು ಅದಕ್ಕೆ 'ಮೊಸಳೆ' ಎಂದು ನಾಮಕರಣ ಮಾಡಿದರು. ಕಾರು ಎಂದು ಕರೆಯುತ್ತಿದ್ದವನು ರುದ್ರಸ್ವಾಮಿ ಒಬ್ಬನೇ. ಮೊಸಳೆಯ ವಾಸಕ್ಕೆ ಸಿಕ್ಕಿದ್ದು ಹುಳುಮನೆಯ ಹೊರಗಿನ ಜಗಲಿ.

ಹುಳುಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಅದು ಶಿವರಂಜನಿಯ ಸಾಮ್ರಾಜ್ಯ. ಆ ಸಂಸಾರದ ಅನ್ನ, ಬಟ್ಟೆ, ಮಗಳ ಕಾಲೇಜು ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ಬ್ಲೀಚಿಂಗ್ ನೀರಿನಲ್ಲಿ ಕಾಲದ್ದದೆ ಸಾಕ್ಷಾತ್ ಬೀಗರಿಗೂ ಒಳಗೆ ಪ್ರವೇಶವಿಲ್ಲ. ಬೀಡಿ, ಸೆಂಟು, ರುದ್ರಸ್ವಾಮಿಯ ತಲೆಗೆ ಹಚ್ಚುವ ಬಣ್ಣ, ಎಲ್ಲಕ್ಕೂ ಬಹಿಷ್ಕಾರ. ಪೆಟ್ರೋಲಂತೂ ಮಹಾಪಾತಕ. ಹುಳುವಿಲ್ಲದ ದಿನಗಳಲ್ಲಿ ಕಾರನ್ನು ಬಯಲಿಗೆ ತಳ್ಳಿ ರಿಪೇರಿ ಮಾಡಬಹುದು. ಹುಳು ಬಂತೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸುವ ಭಾಗ್ಯ ಮಾತ್ರ.

ರಿಪೇರಿಗೆ ಬರುತ್ತಿದ್ದವನು ಯಳಂದೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಪುಟ್ಟಬಸಪ್ಪ. ಬಾನೆಟ್ಟು ಎತ್ತಿದಾಗಲೆಲ್ಲ ಅವನು ಕೊಡುತ್ತಿದ್ದ ಸಲಹೆ ಒಂದೇ.

"ಸಾ, ಈ ಇಂಜಿನ್ ಕಿತ್ತಾಕಿ ಪಂಪ್‌ಸೆಟ್ ಇಂಜಿನ್ ಕೂರ್ಸನ. ಓಡುದ್ರೆ ಓಡ್ಲಿ, ಇಲ್ದಿದ್ರೆ ಬಾವಿ ನೀರಾದ್ರೂ ಎತ್ಬೋದು."

"ಇದು ಒರಿಜಿನಲ್ ಕಣಯ್ಯ! ಒಂದು ಬೋಲ್ಟೂ ಬದಲಾಗಬಾರ್ದು!"

ರುದ್ರಸ್ವಾಮಿ ಒರಿಜಿನಲ್ ಬೋಲ್ಟಿಗಾಗಿ ತಪಸ್ಸು ಮಾಡಿದ. ಬಾಗಿಲ ಸುತ್ತ ಹಾಕುವ ರಬ್ಬರು ಜಪಾನಿನಿಂದಲೇ ಹಡಗು ಹತ್ತಿ ಬಂತು. ಅದನ್ನು ಕೂರಿಸಿದ ದಿನ ಅವನು ಹೆಂಡತಿಯ ಕೈಗೆ ಬಿಂದಿಗೆ ಕೊಟ್ಟು, ತಾನು ಒಳಗೆ ಕೂತು, "ಉಯ್ಯಿ ನೀರ! ಒಂದ್ ಅನಿ ಒಳಗ್ ಬಂದ್ರೆ ನನ್ನೆಸ್ರು ಬದಲಾಯ್ಸು" ಎಂದು ಸವಾಲು ಹಾಕಿದ. ಶಿವರಂಜನಿ ಒಂದು ಬಿಂದಿಗೆ ಸಾಲದೆಂದು ನಾಲ್ಕು ಬಿಂದಿಗೆ ಹೊಯ್ದಳು. ಹನಿ ಒಳಗೆ ಹೋಗಲಿಲ್ಲ. ಈ ಮಾತನ್ನು ಅವಳು ನೆನಪಿಟ್ಟುಕೊಂಡಳು.

ಕೊನೆಗೂ ಒಂದು ದಿನ, ಹುಳುವಿದ್ದರೂ ನಿಯಮ ಮೀರಿ ಬಯಲಿಗೆ ತಳ್ಳಿದ್ದ ಮೊಸಳೆ ಬಾಯಿ ಬಿಟ್ಟಿತು. ಪೆಟ್ರೋಲ್ ಟ್ಯಾಂಕು ತೂತಾಗಿ ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಯಲ್ಲಿತ್ತು. ಆದ್ದರಿಂದ ಪುಟ್ಟಬಸಪ್ಪ ಆಸ್ಪತ್ರೆಯ ಗ್ಲೂಕೋಸಿನಂತೆ ಪೆಟ್ರೋಲಿನ ಬಾಟಲಿಯೊಂದನ್ನು ತಲೆಕೆಳಗಾಗಿ ಕಟ್ಟಿ, ಪೈಪು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಆಹಾ, ಏನು ಗರ್ಜನೆ! ಕೋಳಿಗಳು ಸೂರು ಹತ್ತಿದವು, ಮಹಾದೇವಮ್ಮ "ಮಾದಪ್ಪಾ" ಎಂದು ಕೂತಲ್ಲೇ ಕೈಮುಗಿದಳು. ರುದ್ರಸ್ವಾಮಿಯ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಅವನು ಆಡದೇ ಉಳಿಸಿಕೊಂಡಿದ್ದ ಮಾತುಗಳೆಲ್ಲ ಸೈಲೆನ್ಸರಿನಿಂದ ಹೊರಬರುತ್ತಿದ್ದವು. ಅಷ್ಟರಲ್ಲಿ ಹುಳುಮನೆಯ ಬಾಗಿಲಲ್ಲಿ ಶಿವರಂಜನಿ ಕಾಣಿಸಿಕೊಂಡು ತುಟಿಯ ಮೇಲೆ ಬೆರಳಿಟ್ಟಳು.

"ಶ್! ಉಳ ಜ್ವರಕ್ ಕೂತವೆ!"

ಹುಳು ಪೊರೆ ಬಿಡುವ ಮುಂಚೆ ಮೇವು ಮುಟ್ಟದೆ ಸುಮ್ಮನಿರುವುದಕ್ಕೆ ಜ್ವರ ಎನ್ನುತ್ತಾರೆ. ಜ್ವರದಲ್ಲಿರುವವರ ಮುಂದೆ ಗರ್ಜಿಸುವುದುಂಟೇ? ರುದ್ರಸ್ವಾಮಿ ಇಂಜಿನ್ ಆರಿಸಿದ. ಗಂಡು ದನಿ ಅಲ್ಲಿಗೆ ಮುಗಿಯಿತು.

ಅವನಿಗೆ ಅದರಿಂದ ಬೇಸರವಾಗಲಿಲ್ಲ. ಮುಂದಿನ ಭಾನುವಾರ ಮೈಸೂರಿನಲ್ಲಿ ಹಳೇ ಕಾರುಗಳ ಕೂಟವಿತ್ತು. ಟ್ಯಾಂಕು ಬರದಿದ್ದರೂ ಲಾರಿಯಲ್ಲಿ ಹೇರಿಕೊಂಡು ಹೋಗುವುದೆಂದು ಅವನು ಗೊತ್ತುಮಾಡಿದ್ದ. ದೂರದೂರದಿಂದ ಜನ ಬರುತ್ತಾರೆ, ಬಾನೆಟ್ಟು ಎತ್ತಿ ನೋಡುತ್ತಾರೆ, ಬೋಲ್ಟು ಒರಿಜಿನಲ್ಲಾ ಎಂದು ಕೇಳುತ್ತಾರೆ. ಒಂದೇ ಒಂದು ದಿನ, ಮೊಸಳೆಯನ್ನು ಕಾರು ಎಂದು ಕರೆಯುವವರ ನಡುವೆ ನಿಲ್ಲಬೇಕು. ಅವನ ಬಯಕೆ ಇಷ್ಟೇ.

"ಓಗ್ಬನ್ನಿ," ಎಂದಳು ಶಿವರಂಜನಿ. "ಉಳ ಅಣ್ಣಾಗದು ಸೋಮ್ವಾರ. ಆದ್ರೆ ಶುಕ್ರವಾರ ರಾಮಾಪುರ್‌ಕೋಗಿ ತಮ್ಮುನ್ ಮನೆಯಿಂದ ನಮ್ ಚಂದ್ರಿಕೆ ತಂದಾಕ್ಬುಟ್ಟೇ ಓಗ್ಬೇಕು."

ಹಣ್ಣಾದ ಹುಳು ಎಂದರೆ ಮೇವು ಬಿಟ್ಟು, ಮೈಯೆಲ್ಲ ಗಾಜಿನಂತಾಗಿ, ಗೂಡು ಕಟ್ಟಲು ಜಾಗ ಹುಡುಕುವ ಹುಳು. ಅದನ್ನು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ. ಅವು ಒಬ್ಬರ ಮನೆಯಿಂದ ಒಬ್ಬರ ಮನೆಗೆ ತಿರುಗುತ್ತಲೇ ಇರುತ್ತವೆ. ಹಣ್ಣು ಹುಳು ಇಟ್ಟುಕೊಂಡು ಬಂದವರಿಗೆ ಚಂದ್ರಿಕೆ ಇಲ್ಲ ಅನ್ನಬಾರದು ಎಂಬುದು ಆ ಕಡೆಯ ಧರ್ಮ. ಶಿವರಂಜನಿಯ ಚಂದ್ರಿಕೆಗಳಲ್ಲಿ ಮುಕ್ಕಾಲು ಪಾಲು ಆಗ ಅವಳ ತಮ್ಮ ಮಹದೇವಪ್ರಸಾದನ ಮನೆಯಲ್ಲಿದ್ದವು.

ಶುಕ್ರವಾರ ರುದ್ರಸ್ವಾಮಿ ಗೂಡ್ಸ್ ಆಟೋ ಹತ್ತಿ ಹೊರಟದ್ದು ರಾಮಾಪುರಕ್ಕೇ. ಆದರೆ ದಾರಿಯಲ್ಲಿ ಕೊಳ್ಳೇಗಾಲ ಬರುತ್ತದಲ್ಲ! ಅಲ್ಲಿ ಕಾರಿನ ಸೀಟು ಹೊಲಿಯಲು ತೆಗೆದುಕೊಂಡಿದ್ದವನು ಫೋನ್ ಮಾಡಿ, ಸೀಟು ತಯಾರಾಗಿದೆ ಎಂದ. ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಇಳಿದ. ಕೆನೆಬಣ್ಣದ ಹೊಸ ಹೊದಿಕೆಯಲ್ಲಿ ಮದುವಣಗಿತ್ತಿಯರಂತೆ ಕೂತಿದ್ದ ಎರಡು ಸೀಟು ಕಂಡ ಮೇಲೆ ಅವನ್ನು ಅಲ್ಲೇ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಸೀಟು ಹೇರಿದ ಮೇಲೆ ಆಟೋದಲ್ಲಿ ಜಾಗ ಉಳಿಯಲಿಲ್ಲ. ರಾಮಾಪುರಕ್ಕೆ ಹೋಗುವ ಹನೂರಿನ ದಾರಿಗೆ ಬೆನ್ನು ಹಾಕಿ ಊರಿಗೆ ಬಂದು, ಹೆಂಡತಿಯ ಮುಂದೆ, "ನಿನ್ ತಮ್ಮುನ್ ಮನೇಲಿ ಗೂಡು ಇನ್ನೂ ಬುಡಿಸಿಲ್ವಂತೆ. ಭಾನ್ವಾರ ಸಂಜೆ ಕೊಡ್ತಾನಂತೆ, ಮೈಸೂರಿಂದ ಬಂದು ತತ್ತೀನಿ" ಎಂದುಬಿಟ್ಟ.

ಶನಿವಾರ ಕುದಿಯುವ ಸೆಕೆ. ಹೊತ್ತೇರುವ ಮೊದಲೇ ಹುಳುಮನೆಯಿಂದ ಕೂಗು ಕೇಳಿತು.

"ಏನ್ರೀ! ಉಳ ಅಣ್ಣಾಗವೆ! ಎಲ್ಲಾ ಒಂದೇ ಸಲ ತಲೆ ಎತ್ಕಂಡವೆ!"

ಸೆಕೆಗೆ ಹುಳು ಎರಡು ದಿನ ಮೊದಲೇ ಹಣ್ಣಾಗಿದ್ದವು. ಶಿವರಂಜನಿ ತಮ್ಮನಿಗೆ ಫೋನ್ ಮಾಡಿ, ಕೈ ಬಿಡುವಿಲ್ಲದ್ದರಿಂದ ಸ್ಪೀಕರಿಗೆ ಹಾಕಿದಳು. ಹಾಕಬಾರದಿತ್ತು.

"ಅಕ್ಕ, ಚಂದ್ರಿಕೆ ಬಿಸ್ಲಿಗಾಕಿ ನಿನ್ನೆ ಬೆಳಿಗ್ಗೆನೇ ಬಾಗ್ಲಲ್ಲಿ ಜೋಡ್ಸಿದ್ದೆ. ಭಾವ ಬರ್ಲೇ ಇಲ್ವಲ್ಲ! ಈಗ ನೋಡು, ಇಲ್ಲಿ ಮಳೆ ಸುರೀತಾದೆ, ಎಲ್ಲ ತೊಯ್ದೋದ್ವು."

ಶಿವರಂಜನಿ ಗಂಡನ ಕಡೆ ನೋಡಿದಳು. ರುದ್ರಸ್ವಾಮಿ ಅಲ್ಲಿ ನಿಲ್ಲಲಾರದೆ ಊರಿನ ಮನೆಮನೆಗೆ ಓಡಿದ. ಎಲ್ಲರ ಹುಳುವೂ ಸೆಕೆಗೆ ಹಣ್ಣಾಗಿದ್ದವು. ಕೊನೆಗೆ ಹಿಂದಿನ ಬೀದಿಯ ಚನ್ನಬಸವನ ಮುಂದೆ ಕೈಜೋಡಿಸಿ ನಿಂತ.

"ನಂಗೇ ಸಾಲದು ಕಣಣ್ಣ," ಎಂದ ಚನ್ನಬಸವ. "ಆದ್ರೆ ಅಣ್ಣುಳ ಮಡಿಕಂಡು ಬಂದೋರ್ಗೆ ಇಲ್ಲ ಅನ್ನಕಾಯ್ತದಾ? ಒಂದಷ್ಟು ತಕಂಡೋಗು."

ಅವನು ಕೊಟ್ಟ ಚಂದ್ರಿಕೆಗಳೂ ತುಂಬಿದವು. ಒಣಗಿದ ತೊಗರಿ ಕಡ್ಡಿ ಹರಡಿ ಅಡುಗೆಮನೆಯ ಅಟ್ಟಕ್ಕೂ ಬಿಟ್ಟದ್ದಾಯಿತು. ಇನ್ನೂ ಹುಳು ಉಳಿದವು. ಬೆಟ್ಟದ ಕಡೆಯಿಂದ ಕರೀ ಮೋಡ ಎದ್ದು ಬರುತ್ತಿತ್ತು. ಹೊರಗೆ ಬಿಟ್ಟರೆ ಮಳೆ, ಒಳಗೆ ನೆಲಕ್ಕೆ ಬಿಟ್ಟರೆ ಇರುವೆ, ಹಲ್ಲಿ. ಶಿವರಂಜನಿ ಸೊಂಟದ ಮೇಲೆ ಕೈಯಿಟ್ಟು ಜಗಲಿಯ ಕಡೆ ತಿರುಗಿದಳು.

"ಒಂದ್ ಅನಿ ನೀರು ಒಳಗ್ ಬರಲ್ಲ ಅಂದಿದ್ರಲ್ವಾ?"

"ಪೆಟ್ರೋಲ್ ವಾಸ್ನೆ..." ಎಂದು ರುದ್ರಸ್ವಾಮಿ ತೊದಲಿದ.

"ಟ್ಯಾಂಕೇ ಇಲ್ವಲ್ಲ. ಬಾಟ್ಲಿ ಬಿಚ್ಚಿ ಅತ್ಲಾಗ್ ಮಡಗಿ."

"ನಾಳೆ ಮೈಸೂರು..."

ಅವಳು ಮೇವಿನ ತಟ್ಟೆಯೊಂದನ್ನು ಎತ್ತಿ ಅವನ ಮುಂದೆ ಹಿಡಿದಳು. ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಜಾಗ ಕೇಳುತ್ತಿದ್ದವು. ಅವಳ ಒಂದು ತಿಂಗಳ ನಿದ್ದೆ ಆ ತಟ್ಟೆಯಲ್ಲಿತ್ತು. ರುದ್ರಸ್ವಾಮಿ ಒಂದು ಸಲ ಕಾರಿನಲ್ಲಿ ಆಗಲೇ ಕೂರಿಸಿದ್ದ ಕೆನೆಬಣ್ಣದ ಸೀಟು ನೋಡಿದ, ಒಂದು ಸಲ ಹೆಂಡತಿಯ ಕೆಂಪಗಾದ ಕಣ್ಣು ನೋಡಿದ. ಆಮೇಲೆ ತಾನೇ ಹೋಗಿ ಕಾರಿನ ಎರಡು ಬಾಗಿಲೂ ತೆರೆದ.

ಸೀಟಿಗೆ ಹಳೇ ಪೇಪರು ಹಾಸಿ, ಒಳಗೆಲ್ಲ ತೊಗರಿ ಕಡ್ಡಿ ತುರುಕಿ ಹುಳು ಬಿಟ್ಟರು. ಗಾಜು ಒಂದಿಷ್ಟು ಇಳಿಸಿ ನೊಣದ ಪರದೆ ಕಟ್ಟಿದರು. ಇರುವೆ ಹತ್ತದಂತೆ ನಾಲ್ಕು ಚಕ್ರದ ಸುತ್ತಲೂ ಬೂದಿ ಸುರಿದರು. ಹಿಂದಿನ ಡಿಕ್ಕಿಯೂ ತುಂಬಿತು. ಮಹಾದೇವಮ್ಮ ಗಾಜಿಗೆ ಮೂಗು ಹಚ್ಚಿ ನೋಡಿ ತೀರ್ಪು ಕೊಟ್ಟಳು.

"ಇಬ್ರೇ ಕೂರದು ಅಂದಿದ್ದೆಯಲ್ಲೋ. ನೋಡು, ಐದಾರ್ ಸಾವ್ರ ಕೂತವೆ. ನಾನೊಬ್ಳು ನಿಂಗೆ ಭಾರ್ವಾಗಿದ್ದೆ."

"ಈ ತಳೀನೂ ಜಪಾನಿಂದೇ ಬಂದಿದ್ದಂತೆ ಕಣತ್ತೆ, ರೇಷ್ಮೆ ಆಫೀಸ್ನೋರು ಏಳ್ತಿದ್ರು," ಎಂದಳು ಶಿವರಂಜನಿ. "ನೆಂಟ್ರು ನೆಂಟ್ರ ಮನೆಗೋಗವ್ರೆ ಬುಡಿ."

ಭಾನುವಾರ ಮೈಸೂರಿನಿಂದ ಫೋನಿಗೆ ಫೋಟೋಗಳ ಮೇಲೆ ಫೋಟೋ ಬಂದವು. ರುದ್ರಸ್ವಾಮಿ ಜಗಲಿಯ ಕಟ್ಟೆಯ ಮೇಲೆ ಕೂತು ಒಂದೊಂದನ್ನೂ ಹಿಗ್ಗಿಸಿ ನೋಡಿದ. ಅವನಿಗೆ ಅಳು ಬರುವಷ್ಟು ಬೇಜಾರಾಗಿತ್ತು. ಶಿವರಂಜನಿ ಕಾಫಿ ತಂದು ಪಕ್ಕದಲ್ಲಿ ಕೂತಳು. ಮೂರು ವರ್ಷದಲ್ಲಿ ಅವಳು ಆ ಕಾರಿನ ಹತ್ತಿರ ಕೂತದ್ದು ಅದೇ ಮೊದಲು.

"ಬೇಜಾರಾಯ್ತಾ?"

"ಇಲ್ಲಪ್ಪ."

"ಸುಳ್ಳೇಳಕ್ಕೂ ಬರಲ್ಲ ನಿಮ್ಗೆ."

"ಶುಕ್ರವಾರ ಚೆನ್ನಾಗೇ ಬಂದಿತ್ತಲ್ಲ," ಎಂದ ರುದ್ರಸ್ವಾಮಿ. ಅವಳು ಕಾಫಿ ಚೆಲ್ಲುವಂತೆ ನಕ್ಕಳು. ಗಾಜಿನಾಚೆ ಸ್ಟಿಯರಿಂಗಿನ ಕಡ್ಡಿಗಳ ನಡುವೆ ತೆಳ್ಳಗೆ ಬಿಳೀ ನೂಲು ಹರಡುತ್ತಿತ್ತು. ಇಬ್ಬರೂ ಕಾಫಿ ಆರುವವರೆಗೆ ಅದನ್ನೇ ನೋಡುತ್ತ ಕೂತರು. "ಗೂಡು ಬುಡಿಸುದ್ಮೇಲೆ ಇದ್ರಲ್ಲೇ ಮಾರ್ಕೆಟ್ಗೋಗನ," ಎಂದಳು ಅವಳು. "ನಾನೂ ಬತ್ತೀನಿ." ರುದ್ರಸ್ವಾಮಿಗೆ ಮೈಸೂರು ಅರ್ಧ ಮರೆತುಹೋಯಿತು.

ಹೇಳಿದಂತೆಯೇ ಆಯಿತು. ಗೂಡು ಬಿಡಿಸಿ, ಟ್ಯಾಂಕು ಕೂರಿಸಿ, ಡಿಕ್ಕಿಯ ತುಂಬ ಗೂಡಿನ ಚೀಲ ಹಾಕಿಕೊಂಡು ಗಂಡ ಹೆಂಡತಿ ಕೊಳ್ಳೇಗಾಲಕ್ಕೆ ಹೊರಟರು. ಸೀಟಿನ ಮೇಲೆ ಹುಳುಗಳು ಬಿಟ್ಟುಹೋದ ಹಳದಿ ಕಲೆಗಳಿದ್ದವು. ಊರಿನ ಹಂಪುಗಳಲ್ಲಿ ಕಾರಿನ ಹೊಟ್ಟೆ ಕರ್ ಎಂದಾಗಲೆಲ್ಲ ಶಿವರಂಜನಿ ಗಂಡನ ತೊಡೆ ಹಿಂಡಿದಳು. ಒಳ್ಳೇ ರಸ್ತೆಗೆ ಬಂದ ಮೇಲೆ ಇಂಜಿನ್ ಗುಡುಗಿತು. ಅವಳು ಸೆರಗು ಸಿಕ್ಕಿಸಿಕೊಂಡು, "ಇನ್ನೊಸಿ ಜೋರಾಗ್ ಓಡ್ಸಿ" ಎಂದಳು. ಆ ಒಂದು ಮಾತಿಗೆ ಅವನ ಮೂರು ವರ್ಷವೂ ಸಾರ್ಥಕವಾಯಿತು.

ಮಾರುಕಟ್ಟೆಯಲ್ಲಿ ಜನ ಮುತ್ತಿಕೊಂಡರು. ರುದ್ರಸ್ವಾಮಿ ಎದೆಯುಬ್ಬಿಸಿ ಬಾನೆಟ್ಟು ಎತ್ತಲು ಹೋದ. ಅವರೆಲ್ಲ ನೋಡುತ್ತಿದ್ದುದು ಗೂಡನ್ನು. ಒಬ್ಬ ಒಂದು ಗೂಡು ಕಿವಿಯ ಹತ್ತಿರ ಅಲ್ಲಾಡಿಸಿ, "ಏನ್ ಗಟ್ಟಿ ಕಟ್ಟವಪ್ಪಾ! ಯಾವ್ ಚಂದ್ರಿಕೆ?" ಎಂದು ಕೇಳಿದ. ಶಿವರಂಜನಿ ಕಾರು ತೋರಿಸಿದಳು. ಸುದ್ದಿ ಅವರಿಗಿಂತ ಮೊದಲೇ ಅಗರ ತಲುಪಿತು.

ಕೆಲವು ವಾರಗಳ ಮೇಲೆ ಚನ್ನಬಸವ ಬಂದು, ಜಗಲಿಯಲ್ಲಿ ಕೈಕಟ್ಟಿ ನಿಂತ.

"ಅಣ್ಣ, ಒಂದ್ ನಾಕ್ ದಿನ ನಿಮ್ ಕಾರು ಬೇಕಾಗಿತ್ತು."

ಕಾರು! ಮೊಸಳೆ ಅನ್ನಲಿಲ್ಲ, ಕಾರು ಅಂದ. ಚನ್ನಬಸವನ ತಂಗಿ ಭವ್ಯಳ ಮದುವೆ ಗೊತ್ತಾಗಿದ್ದು ರುದ್ರಸ್ವಾಮಿಗೆ ಗೊತ್ತಿತ್ತು. ಅವನು ಕಾಲಮೇಲೆ ಕಾಲು ಹಾಕಿ ಕೂತು ಷರತ್ತುಗಳನ್ನು ಅಪ್ಪಣೆ ಕೊಡಿಸಿದ.

"ಕೊಡ್ತೀನಿ. ಆದ್ರೆ ನಾನೇ ಓಡ್ಸದು. ಊವ ಕಟ್ಟದಾದ್ರೆ ದಾರದಲ್ಲಿ ಕಟ್ಬೇಕು, ಟೇಪ್ ಅಂಟಿಸ್ಬಾರ್ದು. ಗಂಡು ಕಾಲ್ ತೊಳ್ಕಂಡೇ ಅತ್ಬೇಕು. ಎಲೆಡ್ಕೆ ಉಗಿಯಂಗಿಲ್ಲ. ಮೈಸೂರ್ನೋರು ಇನ್ನೊಂದ್ ಕೂಟಕ್ ಕರ್ದವ್ರೆ, ಅಷ್ಟ್ರಲ್ಲಿ ನಂಗೆ ವಾಪಸ್ ಬೇಕು."

ಚನ್ನಬಸವ ಬೆಪ್ಪಾಗಿ ನೋಡಿದ. "ಯಾವ್ ಗಂಡಣ್ಣ? ಮದ್ವೆ ಮಾಘಕ್ಕೆ. ನಮ್ಮುಳ ಅಣ್ಣಾಗವೆ, ಚಂದ್ರಿಕೆ ಸಾಲ್ದು."

ರುದ್ರಸ್ವಾಮಿ ಬಾಯಿ ತೆರೆದ. ಇಲ್ಲ ಎನ್ನುವುದಕ್ಕೇ ತೆರೆದದ್ದು. ಅಷ್ಟರಲ್ಲಿ ಅಂದು ಮಾದೇಶ್ವರನ ಮುಂದೆ ನಿಂತಂತೆ ತಾನು ಈ ಚನ್ನಬಸವನ ಮುಂದೆ ನಿಂತದ್ದು ನೆನಪಾಯಿತು. ಒಳಗಿನಿಂದ ಮಹಾದೇವಮ್ಮನ ದನಿ ಬಂತು: "ಅಣ್ಣುಳ ಮಡಿಕಂಡು ಬಂದೋರ್ಗೆ ಇಲ್ಲ ಅನ್ಬಾರ್ದು ಕಣ್ಲಾ!" ಅದರ ಬೆನ್ನಿಗೇ ಶಿವರಂಜನಿಯ ದನಿ: "ನಾನಾಗ್ಲೇ ಊಂ ಅಂದಿವ್ನಿ ಕಣ್ರಿ. ಅವುರ್ದಾದ್ಮೇಲೆ ನನ್ ತಮ್ಮುಂಗೆ, ಆಮೇಲ್ ನಮ್ ಬೆಳೆ."

ರುದ್ರಸ್ವಾಮಿ ಎದ್ದು ಗೂಟದಿಂದ ಕಾರಿನ ಕೀ ತೆಗೆದು ಚನ್ನಬಸವನ ಕೈಗಿಟ್ಟ.

"ಬಾಟ್ಲಿ ಪೆಟ್ರೋಲ್ ಸಾಕು ನಿಮ್ಮನೆಗಂಟ, ಟ್ಯಾಂಕ್ ಇಲ್ಲೇ ಬಿಚ್ಚಿಡನ," ಎಂದ. "ಸೀಟ್ಗೆ ಎರಡು ಸುತ್ತು ಪೇಪರ್ ಆಸು. ಚಕ್ರುಕ್ಕೆ ಬೂದಿ ಮರೀಬ್ಯಾಡ. ಆಮೇಲೆ ಡಿಕ್ಕೀಗೇ ಜಾಸ್ತಿ ಬುಡು, ಅಲ್ಲಿ ಗೂಡು ಗಟ್ಟಿಯಾಗಿ ಕಟ್ತವೆ."