ಟರ್ಬೊ, ಆರು ಸಿಲಿಂಡರ್ ಮತ್ತು ನಮ್ಮ ಅತ್ತೆಯವರು

ಎಂಜಿನ್ ವಿಷಯದಲ್ಲಿ ನನ್ನನ್ನು ಯಾರೂ ಯಾಮಾರಿಸಲು ಸಾಧ್ಯವಿಲ್ಲ ಎಂದು ನಾನು ನಂಬಿದ್ದೆ. ಕಾರಣ, ನಾನು ಸ್ವತಃ ಎಂಜಿನಿಯರ್. ನೀರಾವರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕಾಲುವೆ ಅಳೆದು, ನಿವೃತ್ತನಾಗಿ, ಚನ್ನರಾಯಪಟ್ಟಣದಲ್ಲಿ ಮನೆ ಮಾಡಿಕೊಂಡವನು. ಕಾಲುವೆಗೆ ಎಂಜಿನ್ ಇರುವುದಿಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ನಾನಾಗ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಒಂದು ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂಬ ಆಸೆ ಗೊರೂರಿನ ಕ್ವಾರ್ಟರ್ಸಿನಲ್ಲಿದ್ದ ದಿನಗಳಿಂದಲೂ ಇತ್ತು. ಅದಕ್ಕೆ ಬೆಂಬಲ ಸಿಕ್ಕಿದ್ದು ಒಬ್ಬರಿಂದ ಮಾತ್ರ. ಅರಕಲಗೂಡಿನಲ್ಲಿರುವ ನಮ್ಮ ಅತ್ತೆಯವರಿಂದ, ಎಂದರೆ ನನ್ನ ಹೆಂಡತಿ ಶಾರದೆಯ ತಾಯಿಯಿಂದ. ವಯಸ್ಸು ಎಂಬತ್ತೆರಡು. ಹೋದ ಯುಗಾದಿಯಲ್ಲಿ ಅವರು ಅಡುಗೆಮನೆಯಲ್ಲಿ ಮಗಳಿಗೆ ಹೇಳುತ್ತಿದ್ದುದು ನಡುಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು.

"ಎಲ್ಲಾನೂ ನೋಡ್ದೆ ಕಣೇ ಶಾರೀ. ಕಾಶಿನೂ ನೋಡ್ದೆ. ಗಾಳಿ ಕಿತ್ಕೊಂಡೋಗಂಗೆ ಜೋರಾಗಿ ಕಾರಲ್ಲಿ ಓಗದೊಂದು ಉಳ್ಕೊಂಡ್ಬುಡ್ತು. ನಿಮ್ ಯಜಮಾನ್ರು ಓಡುಸ್ತಾರಲ್ಲ, ಇಂದ್ಗಡೆ ಕೂತ್ರೆ ನಂಗೆ ನಿದ್ದೆ ಬತ್ತದೆ."

ಕೊನೆಯ ಮಾತು ನನಗೆ ನಾಟಿತು. ಕೂತಲ್ಲಿಂದಲೇ ಘೋಷಿಸಿದೆ: "ಅತ್ತೇ, ಬರೋ ಸಂಕ್ರಾಂತಿ ಒಳಗೆ ನಿಮ್ಮನ್ನ ಗಾಳಿ ಥರ ಕರ್ಕೊಂಡು ಹೋಗ್ತೀನಿ. ಮಾತು ಕೊಟ್ಟಿದೀನಿ."

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅಳಿಯನಾಗಿ ನಾನು ಆ ಮನೆಗೆ ಕೊಟ್ಟ ಮೊದಲ ಮಾತು ಅದು. ತಪ್ಪಿದರೆ ಮುಖ ಎತ್ತಿಕೊಂಡು ಅರಕಲಗೂಡಿಗೆ ಹೋಗುವಂತಿರಲಿಲ್ಲ.

ಹಾಸನದಲ್ಲಿ ಹಳೇ ಕಾರು ಮಾರುವವರ ಶೆಡ್ಡಿನಲ್ಲಿ ಎರಡು ಸ್ಪೋರ್ಟ್ಸ್ ಕಾರು ನಿಂತಿದ್ದವು. ಕೆಂಪಿನದಕ್ಕೆ ನಾಲ್ಕು ಸಿಲಿಂಡರ್ ಮತ್ತು ಟರ್ಬೊ. ಕಪ್ಪಿನದಕ್ಕೆ ಆರು ಸಿಲಿಂಡರಿನ ದೊಡ್ಡ ಎಂಜಿನ್, ಟರ್ಬೊ ಇಲ್ಲ. ಇವೆರಡರ ನಡುವೆ ನನ್ನ ಬಾಳಿನ ಎಂಟು ತಿಂಗಳು ಹಾಳಾದವು.

ಟರ್ಬೊ ಎಂದರೆ, ಎಂಜಿನ್ ಉಗುಳುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ತುರುಕುವ ಏರ್ಪಾಡು. ಎಂಜಿನ್ ಚಿಕ್ಕದು, ಮೂತಿ ಹಗುರ, ಪೆಟ್ರೋಲ್ ಕಮ್ಮಿ. ಆದರೆ ಪೆಡಲ್ ತುಳಿದ ಮೇಲೆ ಅದು ಎಚ್ಚರವಾಗುವ ತನಕ ಒಂದು ಗಳಿಗೆ ಕಾಯಬೇಕು. ದೊಡ್ಡ ಎಂಜಿನ್ ಕಾಯಿಸುವುದಿಲ್ಲ, ತುಳಿದ ಕೂಡಲೇ ಎಳೆಯುತ್ತದೆ, ಸದ್ದೂ ಗಂಭೀರ. ಆದರೆ ಭಾರ ಹೆಚ್ಚು, ಪೆಟ್ರೋಲ್ ಬಂಕಿನವನಿಗೆ ಬಲು ಪ್ರೀತಿ. ಸೋಮವಾರ ನಾನು ಟರ್ಬೊ ಪಕ್ಷ, ಗುರುವಾರ ದೊಡ್ಡ ಎಂಜಿನ್ ಪಕ್ಷ. ಭಾನುವಾರ ಎರಡೂ ಪಕ್ಷಗಳ ವಾದವನ್ನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೆ. ಊಟದ ಹೊತ್ತಿನಲ್ಲಿ ಶಾರದೆಗೆ ಓದಿ ಹೇಳುತ್ತಿದ್ದೆ.

"ರೀ, ಎರಡ್ರಲ್ಲಿ ಯಾವ್ದು ಬೇಗ ಅರಕಲಗೂಡಿಗೆ ಹೋಗುತ್ತೆ?" ಎಂದಳು ಒಂದು ದಿನ.

"ಹೆಚ್ಚು ಕಮ್ಮಿ ಎರಡೂ ಒಂದೇ."

"ಮತ್ತೆ ಯಾವ್ದಾದ್ರೂ ಒಂದು ತಗೊಳ್ಳಿ. ಸಾರು ಆರೋಗ್ತಿದೆ."

ಇದು ತಾಂತ್ರಿಕ ಅಭಿಪ್ರಾಯವಲ್ಲವಾದ್ದರಿಂದ ನೋಟುಬುಕ್ಕಿಗೆ ಸೇರಿಸಲಿಲ್ಲ.

ಡಿಸೆಂಬರ್ ಬಂತು. ಅರಕಲಗೂಡಿನಿಂದ ಫೋನು ಬಂದಾಗಲೆಲ್ಲ ಅತ್ತೆ ನೇರವಾಗಿ ಕೇಳುತ್ತಿರಲಿಲ್ಲ, "ಸಂಕ್ರಾಂತಿ ಅತ್ರ ಬಂತಲ್ವೇನೇ" ಎಂದು ಮಗಳಿಗೆ ಹೇಳಿ ಇಡುತ್ತಿದ್ದರು. ನಾನು ನೋಟುಬುಕ್ಕು ತೆರೆದು ಮತ್ತೆ ಮೊದಲ ಪುಟದಿಂದ ಓದುತ್ತಿದ್ದೆ. ಕೊನೆಗೆ ಒಂದು ಬೆಳಗ್ಗೆ ಎದೆ ಗಟ್ಟಿ ಮಾಡಿಕೊಂಡು ನಿರ್ಧರಿಸಿಯೇಬಿಟ್ಟೆ: ದೊಡ್ಡ ಎಂಜಿನ್! ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಸನಕ್ಕೆ ಹೋದೆ. ಶೆಡ್ಡಿನಲ್ಲಿ ಕಪ್ಪು ಕಾರಿನ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

"ನೆನ್ನೆ ಓಯ್ತಲ್ಲ ಸಾ," ಎಂದ ಮಾರುವವನು. "ಬಂದ್ರು, ನೋಡುದ್ರು, ತಗೊಂಡೋದ್ರು. ಅತ್ನಿಮಿಷ ಅಷ್ಟೆ."

"ಎಂಜಿನ್ ಬಗ್ಗೆ ಏನು ಕೇಳಿದ್ರು?"

"ಎಸಿ ಚೆನ್ನಾಗೈತಾ ಅಂದ್ರು ಸಾ."

ಹೀಗೆ, ಎಂಟು ತಿಂಗಳ ಕೂಲಂಕಷ ಪರಿಶೀಲನೆಯ ನಂತರ ನಾನು ಟರ್ಬೊವನ್ನು ಆಯ್ಕೆ ಮಾಡಿದೆ. ಚನ್ನರಾಯಪಟ್ಟಣ ತಲುಪುವಷ್ಟರಲ್ಲಿ ದೊಡ್ಡ ಎಂಜಿನ್ ಕೊಳ್ಳುವವರಿಗೆ ಬುದ್ಧಿಯಿಲ್ಲ ಎಂಬುದು ನನಗೆ ಖಚಿತವಾಗಿತ್ತು. ಅದನ್ನು ಪಕ್ಕದ ಮನೆಯವರಿಗೂ ಎಳನೀರಿನವನಿಗೂ ವಿವರಿಸಿದೆ. ಎಳನೀರಿನವನು ಪೂರ್ತಿ ಕೇಳಿಸಿಕೊಂಡು, "ಗಂಜಿ ಇರದಾ ಸಾ, ಬರೀ ನೀರಾ?" ಎಂದ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಶಾರದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೊರಟೆ. ನೆಲಕ್ಕೂ ಈ ಕಾರಿಗೂ ನಡುವೆ ಇರುವುದು ನಾಲ್ಕು ಬೆರಳು. ನಮ್ಮ ಕಡೆ ಹಳ್ಳಿಗೆರಡು ಹಂಪು, ಒಂದೊಂದೂ ಕೆರೆ ಏರಿಯಷ್ಟು ಎತ್ತರ. ಮೊದಲ ಹಂಪಿನಲ್ಲೇ ಹೊಟ್ಟೆಯಡಿಯಲ್ಲಿ ಕರ್ರೆಂದಿತು. ಭಾರ ಕಮ್ಮಿಯಾಗಲೆಂದು ಶಾರದೆ ಇಳಿದಳು. ದಾಟಿದ ಮೇಲೆ ಹತ್ತಿದಳು. ಮುಂದಿನ ಹಂಪಿಗೆ ಮತ್ತೆ ಇಳಿದಳು. ಆರನೇ ಹಂಪಿನ ನಂತರ ಹತ್ತಲಿಲ್ಲ.

"ನೀವು ನಿಧಾನವಾಗಿ ಬನ್ನಿ. ನಾನು ಮುಂದೆ ನಡೀತಿರ್ತೀನಿ," ಎಂದಳು.

ಟರ್ಬೊ ಎಚ್ಚರವಾಗಲು ಒಂದಿಷ್ಟು ವೇಗ ಬೇಕು. ಆ ವೇಗ ಬರುವಷ್ಟರಲ್ಲಿ ಇನ್ನೊಂದು ಹಂಪು ಬರುತ್ತಿತ್ತು. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡಿನವನು ನಮ್ಮನ್ನು ಹಿಂದೆ ಹಾಕಿದ. ಹೋಗುವಾಗ ತಿರುಗಿ ನೋಡಿ, "ಪಂಕ್ಚರಾ ಸಾ?" ಎಂದ. ಇಲ್ಲಪ್ಪ, ಕಾರೇ ಇಷ್ಟೆತ್ತರ ಎಂದೆ.

ಹಂಪು ಕಮ್ಮಿಯಾದಾಗ ಶಾರದೆ ಮತ್ತೆ ಹತ್ತಿದಳು. ಹೊಳೆನರಸೀಪುರ ದಾಟಿದ ಮೇಲೆ ನನ್ನ ಗ್ರಹಚಾರ ಪೂರ್ತಿ ಕೆಟ್ಟಿತು. ಹುರುಳಿ ಕಟಾವಿನ ಕಾಲ. ಓಡಾಡುವ ಗಾಡಿಗಳ ಚಕ್ರ ಹತ್ತಿ ಕಾಳು ಉದುರಲೆಂದು ರೈತರು ಟಾರು ರಸ್ತೆಯ ಮೇಲೆಲ್ಲ ಹುರುಳಿ ಹರಡಿದ್ದರು. ಬಸ್ಸು, ಲಾರಿ, ಟ್ರ್ಯಾಕ್ಟರ್ ಎಲ್ಲ ಅದರ ಮೇಲೆ ಹೋದವು. ನಾನೂ ಹೋದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ನಿಂತಿತು. ಇಳಿದು ನೋಡುತ್ತೇನೆ, ಹಿಂದಿನ ರಸ್ತೆ ಗುಡಿಸಿಟ್ಟ ಹಾಗೆ ಚೊಕ್ಕಟವಾಗಿತ್ತು. ಹರಡಿದ್ದ ಹುರುಳಿ ಅಷ್ಟೂ ನನ್ನ ಕಾರಿನ ಹೊಟ್ಟೆಯಡಿಯಲ್ಲಿತ್ತು!

ಹುರುಳಿಯ ಯಜಮಾನ ಕವೆಗೋಲು ಹಿಡಿದು ಓಡಿಬಂದ. "ಏನ್ ಸಾ, ಒಕ್ಕೊಡ್ತೀರಾ ಅಂತ ಆಕುದ್ರೆ ಒಟ್ಗೇ ತಗೊಂಡೋಯ್ತಿದೀರಲ್ಲಾ?"

ಅವನು, ಅವನ ಹೆಂಡತಿ, ನಾನು, ಶಾರದೆ ನಾಲ್ವರೂ ರಸ್ತೆಯಲ್ಲಿ ಮಂಡಿಯೂರಿ ಹುರುಳಿ ಬಳ್ಳಿ ಎಳೆದೆವು. ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ನಾಲ್ಕು ಸಿಲಿಂಡರಿನ ಬಗ್ಗೆಯಾಗಲಿ ಆರು ಸಿಲಿಂಡರಿನ ಬಗ್ಗೆಯಾಗಲಿ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅಳು ಮಾತ್ರ ಬರುತ್ತಿತ್ತು.

ಅರಕಲಗೂಡು ಮುಟ್ಟಿದಾಗ ಮಧ್ಯಾಹ್ನ ಮೂರು. ಅತ್ತೆ ಬೆಳಗ್ಗೆ ಐದಕ್ಕೇ ಸ್ನಾನ ಮಾಡಿ, ಗಾಳಿ ಬಡಿಯುತ್ತದೆಂದು ಕಿವಿಗೆ ಮಫ್ಲರ್ ಸುತ್ತಿಕೊಂಡು, ಊಟವನ್ನೂ ಮಾಡದೆ ಕಾಯುತ್ತಿದ್ದರಂತೆ. ನನ್ನನ್ನು ಕಂಡೊಡನೆ ಎಂದಿನ ಪದ್ಧತಿಯಂತೆ ಬಾಗಿಲ ಹಿಂದೆ ಸರಿದು ನಿಂತರು. ಮೂವತ್ತೊಂದು ವರ್ಷದಿಂದ ಅವರು ನನ್ನೆದುರು ಕುರ್ಚಿಯಲ್ಲಿ ಕೂತವರಲ್ಲ.

"ಬನ್ನಿ ಅತ್ತೇ, ಹೊರಡೋಣ," ಎಂದು ಕಾರಿನ ಬಾಗಿಲು ತೆರೆದು ಹಿಡಿದೆ.

ಅತ್ತೆ ಜಗುಲಿಗೆ ಬಂದು ಕಾರಿನೊಳಗೆ ಇಣುಕಿದರು. ಈ ಕಡೆ ನೋಡಿದರು, ಆ ಕಡೆ ನೋಡಿದರು. ಮುಖ ಸಣ್ಣದಾಯಿತು.

"ಶಾರೀ, ಇಂದ್ಗಡೆ ಸೀಟು ಎಲ್ಲೇ?"

ಇರಲಿಲ್ಲ. ಆ ಕಾರಿಗೆ ಇರುವುದು ಎರಡೇ ಸೀಟು.

"ಅಯ್ಯೋ ಶಿವನೇ, ಅಳಿಯಂದ್ರ ಪಕ್ಕ ಸರಿಸಮ ಕೂತ್ಕೊಳದಾ? ಎಲ್ಲಾರ ಉಂಟಾ? ಬೀದೀಲಿ ನೋಡ್ದೋರು ಏನಂದಾರು?"

"ಅತ್ತೇ, ಕಾಲ ಬದಲಾಗಿದೆ," ಎಂದು ಬೇಡಿಕೊಂಡೆ.

"ಆಗ್ಲಿ ಬುಡಿ. ನಾನಾಗಕಿಲ್ಲ." ಸ್ವಲ್ಪ ಯೋಚಿಸಿ ಮಗಳ ಕಡೆ ತಿರುಗಿದರು. "ಡಿಕ್ಕೀಲಿ ಬೇಕಾರೆ ಕೂತ್ಕೊತೀನಿ, ಕೇಳು."

ಡಿಕ್ಕಿಯಲ್ಲಿ ಹಿಡಿಸುವುದು ಒಂದು ಚೀಲ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸಿಲಿಂಡರುಗಳನ್ನು ನೂರು ಸಲ ಎಣಿಸಿದ್ದೆ, ಸೀಟು ಎಣಿಸಿರಲಿಲ್ಲ. ಅತ್ತೆ ಮೆಲ್ಲಗೆ ಮಫ್ಲರ್ ಬಿಚ್ಚತೊಡಗಿದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಆಗ ಒಳಗಿನಿಂದ ಭಾಮೈದ ಲೋಕೇಶ ಬಂದ. ಆಲೂಗಡ್ಡೆ ಟೆಂಪೊ ಓಡಿಸುವವನು. "ಭಾವ, ಕೀ ಕೊಡಿ ಇಲ್ಲಿ. ನಾನ್ ಕರ್ಕೊಂಡೋಯ್ತೀನಿ," ಎಂದ. ಮಗನ ಪಕ್ಕ ಕೂರಲು ಅತ್ತೆಗೆ ಯಾವ ಅಡ್ಡಿಯೂ ಇರಲಿಲ್ಲ. ಮಫ್ಲರ್ ಮತ್ತೆ ಬಿಗಿಯಾಯಿತು. ಊರಾಚೆ ಹೊಸದಾಗಿ ಟಾರು ಹಾಕಿ ಎಂಟು ದಿನವಾಗಿತ್ತು, ಹಂಪು ಹಾಕುವವರು ಇನ್ನೂ ಬಂದಿರಲಿಲ್ಲ. ಕೀ ಕೊಟ್ಟು ನಾನು ಜಗುಲಿಯ ಮೇಲೆ ಕೂತೆ. ದೂರದಿಂದ ಕಾರಿನ ಸದ್ದು ಬಂತು. ನಾನು ಓಡಿಸುವಾಗ ಒಮ್ಮೆಯೂ ಮಾಡದ ಸದ್ದು.

ಕಾಲು ಗಂಟೆ ಬಿಟ್ಟು ಬಂದರು. ಅತ್ತೆಯ ಕಣ್ಣಲ್ಲಿ ನೀರಾಡುತ್ತಿತ್ತು, ನಗುತ್ತಿದ್ದರು.

"ಶಾರೀ, ಮೊದ್ಲು ಸುಮ್ನಿರ್ತದೆ ಕಣೇ. ಆಮ್ಯಾಲೆ ಒಳಗೆ ಯಾರೋ ಸಿಳ್ಳೆ ಒಡ್ದಂಗಾಯ್ತದೆ. ಆಗ ನೋಡು, ಬೆನ್ನಿಗೆ ಕೈ ಕೊಟ್ಟು ತಳ್ತದೆ!"

ಟರ್ಬೊ ಬಗ್ಗೆ ನಾನು ಎಂಟು ತಿಂಗಳು ಬರೆದದ್ದರಲ್ಲಿ ಇಷ್ಟು ಸ್ಪಷ್ಟವಾದ ಒಂದು ವಾಕ್ಯವೂ ಇರಲಿಲ್ಲ. ಮಾತು ಹೇಗೋ ಉಳಿಯಿತು, ಉಳಿಸಿದವನು ನಾನಲ್ಲ.

ನನ್ನ ಮುಖ ನೋಡಿ ಲೋಕೇಶನಿಗೆ ಕನಿಕರ ಬಂದಿರಬೇಕು. "ಭಾವ, ನೀವೂ ಬನ್ನಿ, ಒಂದ್ ರೌಂಡು," ಎಂದ. ನನ್ನ ಕಾರಿನಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂತೆ. ಊರಾಚೆ ಅವನು ಪೆಡಲ್ ತುಳಿದ. ಮೊದಲು ಸುಮ್ಮನಿತ್ತು. ಆಮೇಲೆ ಸಿಳ್ಳೆ ಕೇಳಿಸಿತು. ಮುಂದಿನದ್ದನ್ನು ಎಂಜಿನಿಯರನಾಗಿ ನಾನು ದಾಖಲಿಸಲಾರೆ, ಏಕೆಂದರೆ ಕಣ್ಣು ಮುಚ್ಚಿಕೊಂಡಿದ್ದೆ. ಯಾರೋ ಮನೆದೇವರ ಹೆಸರು ಹಿಡಿದು ಕೂಗುತ್ತಿರುವುದು ಕೇಳಿಸುತ್ತಿತ್ತು. ಕಾರು ನಿಂತಾಗ ಕೂಗೂ ನಿಂತಿತು.

"ಭಾವ," ಎಂದ ಲೋಕೇಶ ಮೆಲ್ಲಗೆ, "ಇನ್ನೂ ಮೂರ್ನೇ ಗೇರು."

ಮನೆಗೆ ಮರಳಿದಾಗ ಲೋಕೇಶ ತೋಳು ಹಿಡಿದು ಜಗುಲಿಗೆ ಹತ್ತಿಸಿದ. ಬಾಗಿಲ ಹಿಂದಿನಿಂದ ಅತ್ತೆ ಮಗಳಿಗೆ ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿಸುವಂತಿತ್ತು.

"ಅಳಿಯಂದ್ರಿಗೆ ಮಜ್ಜಿಗೆ ಕೊಡೇ. ಇನ್ಮ್ಯಾಲೆ ಅವರ್ನ ಇಂತಾದ್ರಲ್ಲೆಲ್ಲ ಕೂರುಸ್ಬ್ಯಾಡಿ ಕಣೇ. ಪಾಪ, ವಯಸ್ಸಾಯ್ತು."