ಎಂಜಿನ್ ಬಿಟ್ಟು ಬರಲೊಲ್ಲದ ಅರ್ಧ ಬೋಲ್ಟಿಗೆ

ಕುಮಟಾದ ಗ್ಯಾರೇಜೊಂದರಲ್ಲಿ, ನನ್ನ ಕಾರಿನ ಎಂಜಿನ್ನಿನೊಳಗೆ ಸುಖವಾಗಿ ನೆಲೆಸಿರುವ ಶ್ರೀ ಅರ್ಧ ಬೋಲ್ಟ್ ಅವರಿಗೆ,

ಮಾನ್ಯರೇ,

ತಲೆ ಹೋದರೂ ಸ್ಥಾನ ಬಿಡದ ತಮಗೆ ಸಂತೆಗುಳಿಯ ಇಂಗ್ಲಿಷ್ ಶಿಕ್ಷಕಿಯೊಬ್ಬಳ ಸವಿನಯ ನಮಸ್ಕಾರಗಳು. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡದಲ್ಲಿ ರಜೆ ಅರ್ಜಿಗಿಂತ ಉದ್ದದ್ದನ್ನು ಬರೆದು ರೂಢಿಯಿಲ್ಲ. ತಪ್ಪಿದ್ದರೆ ಮನ್ನಿಸಿ, ದಯವಿಟ್ಟು ಸಿಟ್ಟಿನಿಂದ ಇನ್ನಷ್ಟು ಬಿಗಿಯಾಗಬೇಡಿ.

ಸೈಲೆನ್ಸರಿನ ಪೈಪು ಎಂಜಿನ್ನಿಗೆ ಕೂಡುವಲ್ಲಿ ಹೊಗೆ ಸೋರಿ, ನನ್ನ ಕಾರು ಮೀನುಗಾರಿಕೆ ದೋಣಿಯಂತೆ ಸದ್ದು ಮಾಡತೊಡಗಿದ್ದರಿಂದ ಮೆಕ್ಯಾನಿಕ್ ಬೀರಪ್ಪನವರು ಅಲ್ಲಿನ ಬೋಲ್ಟುಗಳನ್ನು ಬಿಚ್ಚಿದರು. ಉಳಿದವರೆಲ್ಲ ಮರ್ಯಾದೆಯಿಂದ ಹೊರಬಂದರು. ತಮ್ಮ ಸರದಿಯಲ್ಲಿ ಮಾತ್ರ ಟಕ್ಕೆಂದಿತು. “ತಲೆ ಕೈಗೆ ಬಂತ್ರಾ ಅಕ್ಕೋರೇ, ಆಸಾಮಿ ಒಳಗೇ ಕೂತಾನೆ,” ಎನ್ನುತ್ತ ಬೀರಪ್ಪನವರು ತಾವು ಕಳೆದುಕೊಂಡ ಶಿರಸ್ಸನ್ನು ನನ್ನ ಅಂಗೈಯಲ್ಲಿಟ್ಟರು.

ಇದರಿಂದ ಅತಿ ಹೆಚ್ಚು ಸಂತೋಷವಾದದ್ದು ನನ್ನ ಪತಿ ರವೀಂದ್ರರಿಗೆ. ಭಾನುವಾರದೊಳಗೆ ಗಾಡಿ ಓಡದಿದ್ದರೆ ಭಟ್ಕಳದ ಗುಜರಿಯವರಿಗೆ ಕೊಡುವುದೆಂದು ಮಾತಾಡಿಯೂ ಆಗಿದೆ. “ನಿಂಗೆ ಕಾರು ಎಂತಕ್ಕೆ? ಬಸ್ಸಿಲ್ವಾ?” ಎನ್ನುತ್ತಾರೆ. ಬಸ್ಸಿದೆ, ಅದು ನನಗಿಂತ ಮೊದಲೇ ಹೊರಟಿರುತ್ತದೆ, ಅಷ್ಟೇ ತೊಂದರೆ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಯಾರನ್ನೂ ಕೇಳದೆ ತದಡಿ ಬಂದರಿನ ಧಕ್ಕೆಗೆ ಹೋಗಿ ಬಂಗಡೆ ಮೀನು ತಂದವಳು ನಾನು. ಆ ಸವಾರಿಗಳ ಉಪ್ಪುಗಾಳಿಯೇ ತಮಗೆ ತುಕ್ಕು ಹಿಡಿಸಿ, ಅಲ್ಲೇ ಕಚ್ಚಿಕೊಳ್ಳುವಂತೆ ಮಾಡಿದೆಯಂತೆ. ಹಾಗಾದರೆ ತಾವು ನನ್ನ ಸ್ವಾತಂತ್ರ್ಯದ ಫಲವೋ, ಶತ್ರುವೋ? ಯೋಚಿಸಿದಷ್ಟೂ ಬಗೆಹರಿಯುತ್ತಿಲ್ಲ.

ತುಕ್ಕು ಬಿಡಿಸುವ ಎಣ್ಣೆಯಲ್ಲಿ ತಮ್ಮನ್ನು ನೆನೆಸಿದೆವು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆವು. ಇಕ್ಕಳ ಜಾರಿತು. ಬುಟ್ಟಿ ಇಳಿಸಿ ನೋಡುತ್ತಿದ್ದ ಮೀನು ಮಾರುವ ದುರ್ಗಿಯವರು, “ಅಷ್ಟು ಎಣ್ಣೆ ಕುಡ್ದವ ಇನ್ನು ಏಳ್ತಾನ್ಯಾ?” ಎಂದು ಕೇಳಿದರು. ಬೀರಪ್ಪನವರು ಊರದೇವತೆ ಚೌಡಿಗೆ ಒಂದು ಕಾಯಿ ಹರಕೆ ಹೊತ್ತರು. ಇಂಥದ್ದರಲ್ಲಿ ನಂಬಿಕೆಯಿಲ್ಲದ ನಾನೂ ಮೆಲ್ಲಗೆ ಒಂದು ಸೇರಿಸಿದೆ.

ತಮ್ಮ ನಿಷ್ಠೆಗೆ ತಲೆಬಾಗುತ್ತೇನೆ. ತಮಗೆ ಆ ಸೌಕರ್ಯವಿಲ್ಲವೆಂಬುದು ಖೇದಕರ. ತಮ್ಮಂಥವರು ನಮ್ಮ ಓಣಿಯ ಡಾಂಬರಿನೊಳಗಿದ್ದರೆ ಅದು ಒಂದು ಮಳೆಗಾಲವಾದರೂ ಊರಲ್ಲಿ ಉಳಿಯುತ್ತಿತ್ತು. ಆದ್ದರಿಂದ ತಾವು ಕೂಡಲೇ ನಮ್ಮ ಅಡುಗೆಮನೆಯ ನಲ್ಲಿಗೆ ವರ್ಗಾವಣೆ ಪಡೆಯಬೇಕೆಂದು ವಿನಂತಿ. ಅದು ಮುಟ್ಟಿದವರ ಕೈಗೆಲ್ಲ ಕಿತ್ತು ಬರುತ್ತದೆ. ಕೊನೆಯ ಪಿರಿಯಡ್ಡಿನಲ್ಲಿ ಒಂಬತ್ತನೇ ತರಗತಿಯನ್ನು ಬೆಂಚಿಗೆ ಹಿಡಿದಿಡಲೂ ತಮ್ಮನ್ನೇ ಶಿಫಾರಸು ಮಾಡುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ, ಶನಿವಾರ ಮಧ್ಯಾಹ್ನ, ಬೀರಪ್ಪನವರ ಫೋನು ಬಂತು. ಪತ್ರ ಬಿಟ್ಟು ಓಡಿದೆ. ತಮ್ಮ ಮುರಿದ ಕುತ್ತಿಗೆಗೆ ಅವರೊಂದು ನಟ್ಟನ್ನು ವೆಲ್ಡ್ ಮಾಡಿ ಹೊಸ ತಲೆ ದಯಪಾಲಿಸಿದ್ದರು. “ಯಾರೂ ಮುಟ್ಬೇಡಿ. ತಣಿಲಿ. ಚಾ ಕುಡ್ವಾ,” ಎಂದರು. ಚಾ ಮುಗಿದ ಮೇಲೆ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, “ನಿಮ್ಮ ಗಾಡಿ, ನೀವೇ ತೆಗೀರಿ. ಜೋರು ಬೇಡ. ಆಚೆ ಚೂರು, ಈಚೆ ಚೂರು,” ಎಂದರು. ಹಾಗೆ ಆಡಿಸುತ್ತಿದ್ದಂತೆ ತಾವು ಕಿರ್ರೆಂದು ಗೊಣಗಿ, ಲವಂಗದಷ್ಟು ಉದ್ದದ ದೇಹವನ್ನು ಹೊರಗೆ ತಂದಿರಿ. “ಆತು!” ಎಂದು ಬೀರಪ್ಪನವರು ಕೂಗಿದ್ದು ಪಕ್ಕದ ಅಂಗಡಿಯವರನ್ನೂ ಎಬ್ಬಿಸಿತು.

ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂಪಡೆಯುತ್ತೇನೆ. ಹೊಗಳಿಕೆಯನ್ನು ಹಿಂಪಡೆಯಲು ಕಾರಣ ಸಿಗುತ್ತಿಲ್ಲ.

ಕೈಯ ಗ್ರೀಸು ಇನ್ನೂ ತೊಳೆಯದ,
ತಮ್ಮ ವಿಶ್ವಾಸಿ,
ಪರಮೇಶ್ವರಿ ನಾಯ್ಕ

ತಾ.ಕ.: ತಡವಾಗಿ ಸೇರಿಸುತ್ತಿದ್ದೇನೆ. ಕಾರು ಸದ್ದಿಲ್ಲದೆ ಓಡುತ್ತಿದೆ. “ನೋಡ್ವಾ,” ಎಂದು ಹತ್ತಿದ ರವೀಂದ್ರರು, “ಗಾಡಿ ಚಲೋ ಅದೆ ಮಾರಾಯ್ತಿ, ಕೊಡೂದು ಬೇಡ,” ಎಂದವರು ಅಂದಿನಿಂದ ಡ್ರೈವರ್ ಸೀಟು ಬಿಟ್ಟು ಇಳಿಯುತ್ತಿಲ್ಲ; ನಾನು ಬಸ್ಸಿನ ಹಿಂದೆ ಓಡುತ್ತಿದ್ದೇನೆ. ಅವರಿಗೂ ಎಣ್ಣೆ ಹಾಕಿ ನೋಡಿದೆ, ಮೆಲ್ಲಗೆ ತಟ್ಟಿಯೂ ನೋಡಿದೆ. ನಾಳೆ ಬೀರಪ್ಪನವರು ವೆಲ್ಡಿಂಗ್ ಮಷಿನ್ ತರುತ್ತಿದ್ದಾರೆ.