ಗೇಟು, ಪಕೋಡಾ ಮತ್ತು ಗಂಡಸರ ಸಾಲು

ಚುನಾವಣೆಯ ದಿನ ದೇಶದಲ್ಲಿ ಏನೇನಾಯಿತು ಎಂಬುದನ್ನು ಟಿವಿಯವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಆಗುವುದಂತೂ ಪ್ರತಿ ಸಲವೂ ಏನಾದರೊಂದು ಆಗುತ್ತದೆ. ಈ ಸಲ ಸ್ವಲ್ಪ ಜಾಸ್ತಿ ಆಯಿತು.

ಮೊದಲು ನಮ್ಮ ಪರಿಚಯ. ನಾನು ಕೇಂದ್ರ ಸರ್ಕಾರದ ನೌಕರ. ವಸಂತ್ ಕುಂಜ್‌ನಲ್ಲಿ, ಸರ್ಕಾರವೇ ಕಟ್ಟಿಸಿದ ಫ್ಲ್ಯಾಟುಗಳಲ್ಲಿ ವಾಸ. ಹೆಂಡತಿ ಶಾಲಾ ಶಿಕ್ಷಕಿ. ಚುನಾವಣೆ ಬಂತೆಂದರೆ ಅವಳನ್ನು ದೆಹಲಿಯ ಇನ್ನೊಂದು ಮೂಲೆಗೆ ಡ್ಯೂಟಿಗೆ ಕಳಿಸುತ್ತಾರೆ. ಹಾಗಾಗಿ ಅಂದು ಮನೆಯ ಆಡಳಿತ ಪೂರ್ತಿಯಾಗಿ ಅಮ್ಮನ ಕೈಗೆ ಹೋಗುತ್ತದೆ. ಅಮ್ಮ ಎಂಬತ್ತೈದು ದಾಟಿದವರು. ತುಮಕೂರಿನಿಂದ ಬಂದು ಬಹಳ ವರ್ಷಗಳಾದರೂ ಅವರ ಹಿಂದಿ ಇನ್ನೂ ತುಮಕೂರು ಬಿಟ್ಟಿಲ್ಲ. ಮತದಾನ ಮಾತ್ರ ಒಂದನ್ನೂ ತಪ್ಪಿಸಿದವರಲ್ಲ.

ಇನ್ನೊಬ್ಬಳು ನಮ್ಮ ಅಡುಗೆಯಾಕೆ. ಅಮ್ಮ ಸಾರು ಮಾಡಿದರೆ ಅವಳು ರೋಟಿ ಮಾಡುತ್ತಾಳೆ. ನಮ್ಮ ಕಾಂಪೌಂಡಿನ ಹಿಂದೆ ಕೂಲಿಯವರ, ಮನೆಗೆಲಸದವರ ಪುಟ್ಟ ಮನೆಗಳ ಬಸ್ತಿಯಲ್ಲಿ ಅವಳ ಮನೆ. ಊರು ಬಿಹಾರ. ಊರಿಗೆ ಹೋದರೆ 'ನೀನು ದಿಲ್ಲಿಯವಳು' ಎನ್ನುತ್ತಿದ್ದರು, ದಿಲ್ಲಿಯಲ್ಲಿ ಕೇಳಿದರೆ 'ನೀನು ಊರಿನವಳು' ಎನ್ನುತ್ತಿದ್ದರು. ಹೀಗೆ ಎರಡೂ ಕಡೆಯವಳಾಗಿ ಎಲ್ಲಿಯೂ ವೋಟು ಹಾಕದೆ ಮಕ್ಕಳ ಮದುವೆ ಮಾಡುವ ವಯಸ್ಸಿಗೆ ಬಂದಿದ್ದಳು. ಈ ಸಲ ಅಮ್ಮ ಬೆನ್ನು ಹತ್ತಿ ಅವಳ ಹೆಸರು ಮತದಾರರ ಪಟ್ಟಿಗೆ ಸೇರುವಂತೆ ಮಾಡಿದರು. ಬೆನ್ನು ಹತ್ತಿದ್ದು ನನ್ನನ್ನು. ವೋಟರ್ ಕಾರ್ಡ್ ಬಂದ ದಿನ ಅಡುಗೆಯಾಕೆ ಅದನ್ನು ನಮ್ಮ ದೇವರ ಮುಂದೆ ಇಟ್ಟು, ತನ್ನ ಜೀವನದ ಮೊದಲ ವೋಟು ಹಾಕಿ ಬಂದು ಬೆರಳು ತೋರಿಸುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಳು. ಮುಂದಿನದೆಲ್ಲ ಆ ಮಾತಿನಿಂದ ಆದದ್ದು.

ಪೋಲಿಯೋ ಮಾತಾಜಿ

ಮತದಾನಕ್ಕೆ ಕೆಲವು ವಾರ ಮೊದಲು ಮತದಾರರ ಪಟ್ಟಿ ನೋಡಿಕೊಳ್ಳುವ ಮೇಡಂ ಮನೆಗೆ ಬಂದರು. ನಮ್ಮ ಹಿಂದಿನ ಗೋಡೆಯಾಚೆ ಇರುವ ಶಾಲೆಯ ಟೀಚರ್. ನಮ್ಮ ಫ್ಲ್ಯಾಟುಗಳೂ ಬಸ್ತಿಯೂ ಅವರ ಸುಪರ್ದಿಯಲ್ಲೇ ಇವೆ.

"ಮಾತಾಜಿ, ನಿಮ್ಮ ವಯಸ್ಸಿನವರು ಮತಗಟ್ಟೆಗೆ ಬರಬೇಕಾಗಿಲ್ಲ. ನಾವೇ ಮನೆಗೆ ಬಂದು ವೋಟು ಹಾಕಿಸಿಕೊಂಡು ಹೋಗ್ತೇವೆ" ಎಂದರು.

ಅಮ್ಮ ಕನ್ನಡಕ ಸರಿ ಮಾಡಿಕೊಂಡರು. "ಮನೆಮನೆಗೆ ಬಂದು ಹಾಕಿ ಹೋಗೋಕೆ ಅದೇನು ಪೋಲಿಯೋ ಹನಿಯಾ? ನಾನೇನು ಕೂಸಾ?"

ನಾನು ಇದನ್ನು ಹಿಂದಿಗೆ ಸ್ವಲ್ಪ ಮೃದು ಮಾಡಿ ಅನುವಾದಿಸಲು ಬಾಯಿ ತೆರೆಯುವಷ್ಟರಲ್ಲಿ 'ಪೋಲಿಯೋ' ಎಂಬ ಒಂದೇ ಪದದಿಂದ ಮೇಡಂಗೆ ಎಲ್ಲ ಅರ್ಥವಾಗಿತ್ತು.

"ಮಾತಾಜಿ, ಪೋಲಿಯೋ ಹಾಕೋಕೆ ಬರೋದೂ ನಾನೇ. ಅಲ್ಲೂ ಬೆರಳಿಗೆ ಶಾಯಿ ಹಚ್ಚುತ್ತೇನೆ. ನಿಮ್ಮನ್ನು ಯಾವ ಪಟ್ಟಿಗೆ ಸೇರಿಸಲಿ ಹೇಳಿ."

ನಮ್ಮ ಮತಗಟ್ಟೆ, ಅವರ ಮತಗಟ್ಟೆ

ನಮ್ಮ ಮತಗಟ್ಟೆ ನಮ್ಮದೇ ಸಮುದಾಯ ಭವನದಲ್ಲಿದೆ. ಮನೆಯಿಂದ ಚಪ್ಪಲಿ ಹಾಕಿಕೊಂಡು ಹೊರಟರೆ ಚಪ್ಪಲಿ ಕಾಲಿಗೆ ಸರಿಯಾಗಿ ಕೂರುವ ಮೊದಲೇ ಮತಗಟ್ಟೆ ಬಂದಿರುತ್ತದೆ. ಎರಡು ದೊಡ್ಡ ಕೂಲರ್, ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ತಣ್ಣೀರು, ವೋಟು ಹಾಕಿದವರು ಫೋಟೋ ತೆಗೆಸಿಕೊಳ್ಳಲು ಬಲೂನಿನ ಕಮಾನು.

ಬಸ್ತಿಯವರ ಮತಗಟ್ಟೆ ಆ ಟೀಚರ್ ಮೇಡಂ ಶಾಲೆಯಲ್ಲಿದೆ. ಅದು ನಮ್ಮ ಹಿಂದಿನ ಗೋಡೆಯ ಆಚೆಗೇ ಇದೆ. ಗೋಡೆಯಲ್ಲೊಂದು ಗೇಟೂ ಇದೆ. ಬೆಳಿಗ್ಗೆ ಕೆಲಸದವರು ಒಳಗೆ ಬರುವ ಹೊತ್ತಿಗೆ ಅದನ್ನು ತೆರೆದು, ಆಮೇಲೆ ಭದ್ರತೆಯ ದೃಷ್ಟಿಯಿಂದ ಬೀಗ ಹಾಕುತ್ತಾರೆ. ಬೀಗ ಬಿದ್ದ ಮೇಲೆ ಹೊರಗೆ ಹೋಗುವವರು ಮುಂದಿನ ಗೇಟಿನಿಂದ ಹೊರಟು, ಮುಖ್ಯರಸ್ತೆ ಹಿಡಿದು, ಮಾರುಕಟ್ಟೆ ಬಳಸಿ, ಮೇ ತಿಂಗಳ ಬಿಸಿಲಿನಲ್ಲಿ ಗೋಡೆಯ ಆಚೆ ಬದಿಗೆ ತಲುಪಬೇಕು. ಮತದಾನದ ದಿನವಾದರೂ ಗೇಟು ದಿನವಿಡೀ ತೆರೆದಿರಲಿ ಎಂದು ನಾನು ನಿವಾಸಿಗಳ ಸಂಘದ ಸಭೆಯಲ್ಲಿ ಹೇಳಿದೆ.

ಕಾರ್ಯದರ್ಶಿಗಳು ಬಹಳ ಸಭ್ಯರು. "ಸರ್, ಆ ಗೇಟು ಇರೋದು ಅವರು ಕೆಲಸಕ್ಕೆ ಬರಲಿ ಅಂತ. ವೋಟು ನಮ್ಮ ಕೆಲಸ ಅಲ್ಲವಲ್ಲ" ಎಂದರು.

ಸಭೆಯ ಹಿನ್ನೆಲೆಯಲ್ಲಿದ್ದ ಬ್ಯಾನರಿನಲ್ಲಿ 'ಮತದಾನ ನಮ್ಮೆಲ್ಲರ ಕೆಲಸ' ಎಂದು ಬರೆದಿತ್ತು. ಬರೆಸಿದವರೂ ಅವರೇ.

ಸಾಲಿಲ್ಲದ ಸಂಕಟ

ಮತದಾನದ ಬೆಳಿಗ್ಗೆ ಅಮ್ಮ ಹಸಿರು ಜರಿಯಂಚಿನ ಸೀರೆ ಉಟ್ಟು, ಕೈಚೀಲದಲ್ಲಿ ನೀರಿನ ಬಾಟಲಿ, ಚಕ್ಕುಲಿ ಮತ್ತು ಮಡಚಿದ ಚಾಪೆ ಇಟ್ಟುಕೊಂಡು ಸಿದ್ಧರಾದರು. ಸಾಲಿನಲ್ಲಿ ಮಧ್ಯಾಹ್ನದವರೆಗೆ ನಿಲ್ಲುವ ತಯಾರಿ.

ಹೋಗಿ ನೋಡಿದರೆ ಸಾಲು ಎಂಬುದೇ ಇಲ್ಲ. ನಮ್ಮನ್ನು ಕಂಡು ಚುನಾವಣಾ ಸಿಬ್ಬಂದಿ ಮನೆಗೆ ನೆಂಟರು ಬಂದಷ್ಟು ಖುಷಿಪಟ್ಟರು. ಒಬ್ಬ ಹುಡುಗಿ ಅಮ್ಮನಿಗೆ ಗುಲಾಬಿ ಕೊಟ್ಟಳು, ಇನ್ನೊಬ್ಬಳು ಗಾಲಿಕುರ್ಚಿ ತಂದಳು. ಅಮ್ಮ ಅದರಲ್ಲಿ ತಮ್ಮ ಚೀಲವನ್ನು ಕೂರಿಸಿ ಪಕ್ಕದಲ್ಲಿ ನಡೆದುಕೊಂಡು ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ಅವರ ಹಿಂದೆಯೇ ನಾನೂ ಹಾಕಿ ಬಂದೆ.

ಅಮ್ಮನ ಮುಖ ಸಪ್ಪಗಾಗಿತ್ತು. "ಇಷ್ಟೇನಾ? ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಈ ಸೀರೆ ನೋಡಿದೋರು ಯಾರು? ಬ್ಯಾಂಕಿನ ಮಿಷನ್ನಲ್ಲಿ ದುಡ್ಡು ತೆಗೆದ ಹಾಗಾಯ್ತು."

ಮನೆಗೆ ಬಂದು ಚಾಪೆ ಹಾಸಿ, ಸಾಲಿಗೆಂದು ಒಯ್ದಿದ್ದ ಚಕ್ಕುಲಿಯನ್ನು ಒಬ್ಬರೇ ತಿಂದು ಮುಗಿಸಿದರು.

ರಜೆಯ ದಿನದ ರುಚಿ

ಮತದಾನದ ದಿನ ರಜೆ ಕೊಡುವುದು ಎಲ್ಲರೂ ವೋಟು ಹಾಕಲಿ ಎಂದು. ನಮ್ಮ ಫ್ಲ್ಯಾಟುಗಳಲ್ಲಿ ರಜೆಯೆಂದರೆ ಎಲ್ಲರೂ ಮನೆಯಲ್ಲಿರುತ್ತಾರೆ, ಮನೆಯಲ್ಲಿದ್ದರೆ ಹಸಿವು ಜಾಸ್ತಿ. ಅಡುಗೆಯಾಕೆ ಬೆಳಿಗ್ಗೆ ಮತಗಟ್ಟೆ ತೆರೆಯುವ ಮೊದಲೇ ಹೋಗಿ ನಿಂತಿದ್ದಳು. ಆಗಲೇ ಸಾಲು ಶಾಲೆಯ ಗೋಡೆ ಸುತ್ತಿತ್ತು. ಅರ್ಧ ಸಾಗುವಷ್ಟರಲ್ಲಿ ಅವಳು ಅಡುಗೆ ಮಾಡುವ ಇನ್ನೊಂದು ಮನೆಯಿಂದ ಫೋನು: ಆಲೂ ಪರಾಠ. ಬಂದಳು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೋಗಿ ಸಾಲಿನ ಬಾಲ ಹಿಡಿದಳು. ಕಾರ್ಯದರ್ಶಿಗಳ ಮನೆಯಿಂದ ಫೋನು: ನೆಂಟರು ಬಂದಿದ್ದಾರೆ, ಛೋಲೆ ಭಟೂರೆ. ಬಂದಳು.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಮನೆಯ ರೋಟಿ ಮಾಡಲು ಬಂದಾಗ ಅವಳ ಮುಖ ನೋಡುವಂತಿರಲಿಲ್ಲ. "ಅಮ್ಮಾಜಿ, ನನ್ನ ಬೆರಳು ಖಾಲಿಯೇ ಉಳೀತದೆ. ಇನ್ನು ಸೆಕ್ರೆಟರಿ ಸಾಬ್ ಮನೆಯಲ್ಲಿ ಸಂಜೆಗೆ ಪಕೋಡಾ ಅಂತೆ. ಆರು ಗಂಟೆಗೆ ಬಾಗಿಲು ಹಾಕ್ತಾರೆ" ಎಂದಳು.

"ನಮ್ಮ ಮನೆಗೆ ರೋಟಿ ಬೇಡ. ಇವನು ಅವಲಕ್ಕಿ ತಿಂತಾನೆ" ಎಂದರು ಅಮ್ಮ. ನಾನು ಅವಲಕ್ಕಿ ತಿನ್ನುತ್ತೇನೆಂದು ನನಗೆ ತಿಳಿದದ್ದು ಆಗಲೇ. ಮುಂದಿನ ಆದೇಶವೂ ಅಷ್ಟೇ ಚಿಕ್ಕದಾಗಿತ್ತು. "ನಾನು ಇವಳ ಜೊತೆ ಹೋಗಿ ಪಕೋಡಾ ಬೇಗ ಮುಗಿಸಿಕೊಡ್ತೀನಿ. ನೀನು ಶಾಲೆಗೆ ಹೋಗಿ ಇವಳಿಗೆ ಜಾಗ ಹಿಡಿ."

"ಅಮ್ಮ, ಮತಗಟ್ಟೆಯಲ್ಲಿ ಹಾಗೆಲ್ಲ ಜಾಗ ಹಿಡಿಯೋಕಾಗಲ್ಲ."

"ಕನ್ನಡ ಸಂಘದ ಯುಗಾದಿ ಊಟಕ್ಕೆ ಟವಲ್ ಹಾಸಿ ಇಡೀ ಪಂಕ್ತಿ ಹಿಡೀತೀಯಲ್ಲ? ಹೋಗು."

ಪಕೋಡಾ ಸತ್ಯಾಗ್ರಹ

ಇದನ್ನು ನಾನು ನೋಡಲಿಲ್ಲ. ಸಂತ್ರಸ್ತರಾದ ಕಾರ್ಯದರ್ಶಿಗಳೇ ಹೇಳಿದ್ದು.

ಅವರ ಮನೆಯ ಹಾಲ್‌ನಲ್ಲಿ ನೆಂಟರು ತುಂಬಿದ್ದರು. ಅಡುಗೆಯಾಕೆಯ ಜೊತೆ ಜರಿಯಂಚಿನ ಸೀರೆಯ ವೃದ್ಧೆಯೊಬ್ಬರು ನೇರವಾಗಿ ಅಡುಗೆಮನೆಗೆ ನಡೆದದ್ದನ್ನು ಕಂಡು ಎಲ್ಲರೂ ಕಾಲು ಮಡಚಿ ದಾರಿ ಬಿಟ್ಟರು. ಮೊದಲ ತಟ್ಟೆ ಹೊರಗೆ ಬಂತು. ಅಮ್ಮ ಹಿಟ್ಟಿಗೆ ಇಂಗು, ಕರಿಬೇವು ಹಾಕಿದ್ದರು. ನೆಂಟರು ತಿಂದು, ಒಬ್ಬರ ಮುಖ ಒಬ್ಬರು ನೋಡಿ, ಇನ್ನೊಂದು ತಟ್ಟೆ ಕೇಳಿದರು.

ಅಮ್ಮ ಒಲೆ ಆರಿಸಿ ಹಾಲ್‌ಗೆ ಬಂದರು. ಅವರ ಹಿಂದಿಯಲ್ಲಿ ಕ್ರಿಯಾಪದಗಳು ಕಡಿಮೆ. "ಗೇಟ್ ಖೋಲೋ. ಪಕೋಡಾ ಆಯೇಗಾ. ಗೇಟ್ ಬಂದ್, ಪಕೋಡಾ ಬಂದ್."

"ಮಾತಾಜಿ, ಭದ್ರತೆಯ ವಿಷಯ, ಸಮಿತಿಯ ನಿರ್ಣಯ..." ಎಂದು ಕಾರ್ಯದರ್ಶಿಗಳು ಶುರು ಮಾಡಿದರು.

ಅಮ್ಮ ಸೋಫಾದಲ್ಲಿ ಕುಳಿತರು. ಅಡುಗೆಯಾಕೆ ಜಾಲರಿ ಸೌಟು ಹಿಡಿದು ಅವರ ಪಕ್ಕದಲ್ಲಿ ನಿಂತಳು. ಅಡುಗೆಮನೆಯಲ್ಲಿ ಎಣ್ಣೆ ಆರುತ್ತಿತ್ತು. ಕೊನೆಗೆ ನೆಂಟರಲ್ಲಿ ಹಿರಿಯರು, ಕಾರ್ಯದರ್ಶಿಗಳ ಸ್ವಂತ ಮಾವ, ಖಾಲಿ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, "ಅಳಿಯಂದಿರೇ, ಬೀಗದ ಕೈ ಎಲ್ಲಿದೆ?" ಎಂದರು.

ಸಮಿತಿಯ ನಿರ್ಣಯವೊಂದು ಅಷ್ಟು ಬೇಗ ಬದಲಾದದ್ದು ನಮ್ಮ ಸಂಘದ ಇತಿಹಾಸದಲ್ಲಿ ಅದೇ ಮೊದಲು. ಎರಡನೇ ತಟ್ಟೆಯನ್ನು ಮಾವನವರೇ ಕರಿದುಕೊಂಡರಂತೆ.

ಗಂಡಸರ ಸಾಲು

ಇತ್ತ ನಾನು ಮುಖ್ಯರಸ್ತೆ, ಮಾರುಕಟ್ಟೆ ಎಲ್ಲ ಸುತ್ತಿ, ಬೆವರಿನಲ್ಲಿ ತೊಯ್ದು ಶಾಲೆಯ ಅಂಗಳ ತಲುಪಿದ್ದೆ. ಎದುರಿಗೆ ಕಂಡ ಸಾಲಿನ ಕೊನೆಯಲ್ಲಿ ನಿಂತೆ. ಅಲ್ಲಿ ಕೂಲರ್ ಇರಲಿಲ್ಲ. ಒಂದು ಬೇವಿನ ಮರವಿತ್ತು, ಅದರ ನೆರಳಿಗೂ ಒಂದು ಸಾಲಿತ್ತು. ಬೆಳಿಗ್ಗೆಯಿಂದ ನಿಂತವರಿದ್ದರು, ಇಸ್ತ್ರಿ ಪೆಟ್ಟಿಗೆ ಬಿಟ್ಟು ಬಂದವರಿದ್ದರು. ಯಾರೂ ಸಾಲು ಬಿಟ್ಟು ಮನೆಗೆ ಹೋಗಿರಲಿಲ್ಲ. ನಾನೋ ಚಪ್ಪಲಿ ಕಾಲಿಗೆ ಕೂರುವ ಮೊದಲೇ ವೋಟು ಹಾಕಿದವನು. ಇಂಥ ಸಾಲಿನಲ್ಲಿ ನಿಲ್ಲುವ ಅವಕಾಶ ಸಿಕ್ಕಿದ್ದಕ್ಕೆ ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ.

ತೊಂದರೆಯೆಂದರೆ ಸಾಲು ಮುಂದೆ ಹೋಗುತ್ತಿತ್ತು, ಅಡುಗೆಯಾಕೆ ಬರುತ್ತಿರಲಿಲ್ಲ. ಬಾಗಿಲು ಹತ್ತಿರವಾದಂತೆಲ್ಲ ನಾನು "ನೀವು ಹೋಗಿ, ನೀವು ಹೋಗಿ" ಎಂದು ಹಿಂದಿನವರನ್ನು ಮುಂದೆ ಬಿಡುತ್ತ ಹೋದೆ. ಮುಂಡಾಸಿನ ಅಜ್ಜನೊಬ್ಬ ಬಹಳ ಹೊತ್ತು ನನ್ನನ್ನು ಗಮನಿಸಿ ಕೇಳಿದ: "ಬಾಬೂಜಿ, ಯಾವ ಆಫೀಸು? ಇಷ್ಟು ಹೊತ್ತಾದರೂ ಇದ್ದಲ್ಲೇ ಇದ್ದೀರಿ."

"ಕೇಂದ್ರ ಸರ್ಕಾರ" ಎಂದೆ.

"ಅದೇ ಅಂದ್ಕೊಂಡೆ" ಎಂದು ಮುಂದೆ ಹೋದ.

ಆರು ಗಂಟೆ ಹತ್ತಿರವಾಯಿತು. ಆ ಹೊತ್ತಿಗೆ ಯಾರು ಸಾಲಿನಲ್ಲಿದ್ದಾರೋ ಅವರಿಗೆಲ್ಲ ಚೀಟಿ ಕೊಡುತ್ತಾರೆ, ಎಷ್ಟು ತಡವಾದರೂ ವೋಟು ಹಾಕಬಹುದು. ಚೀಟಿ ಕೊಡುವುದನ್ನು ಸಾಲಿನ ಕೊನೆಯಿಂದ ಶುರು ಮಾಡುತ್ತಾರೆ, ನಡುವೆ ಯಾರೂ ಹಿಂದೆ ಬಂದು ಸೇರಿಕೊಳ್ಳದಿರಲಿ ಎಂದು. ಕೊನೆಯಲ್ಲಿದ್ದವನು ನಾನು. ಇಷ್ಟು ವರ್ಷಗಳ ನೌಕರಿಯಲ್ಲಿ ಮೊದಲ ಬಾರಿಗೆ ಒಂದನೇ ನಂಬರ್ ನನ್ನ ಪಾಲಿಗೆ ಬರುವುದರಲ್ಲಿತ್ತು. ಬಲಗೈಯಲ್ಲಿ ಫೋನಿತ್ತು. ಎಡಗೈ ಚಾಚಿದೆ.

ಪೊಲೀಸ್ ಪೇದೆ ಚೀಟಿ ಕೊಡಲಿಲ್ಲ. ಕೈ ಹಿಡಿದುಕೊಂಡ.

"ಇದೇನು?"

"ಶಾಯಿ."

"ಯಾವಾಗಿನದು?"

"ಇವತ್ತು ಬೆಳಗಿನದು."

"ಮತ್ತೆ ಇಲ್ಲೇನು ಮಾಡ್ತಿದ್ದೀರಿ?"

"ಜಾಗ ಹಿಡಿದಿದ್ದೇನೆ."

"ಯಾರಿಗೆ?"

"ನಮ್ಮ ಅಡುಗೆಯಾಕೆಗೆ."

ಇಡೀ ಸಾಲು ಹಿಂದಕ್ಕೆ ತಿರುಗಿತು. ಪೇದೆ ನನ್ನನ್ನು ಕರುಣೆಯಿಂದ ನೋಡಿ, "ಗಂಡಸರ ಲೈನಿನಲ್ಲಾ?" ಎಂದ.

ಆಗ ನೋಡಿದೆ. ಬೇವಿನ ಮರದ ಆಚೆ ಇನ್ನೊಂದು ಸಾಲಿತ್ತು. ಅದರಲ್ಲಿ ಬರೀ ಹೆಂಗಸರಿದ್ದರು. ಬೆಳಗಿನಿಂದಲೂ ಇದ್ದರಂತೆ.

ಪೇದೆ ಟೀಚರ್ ಮೇಡಂ ಅವರನ್ನು ಕರೆದ. "ಮೇಡಂ, ಇವರು ಎರಡನೇ ವೋಟಿಗೆ ಬಂದ ಹಾಗಿದೆ. ಗುರುತು ಇದೆಯಾ?"

ಅವರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕಿರ್ರೆಂಬ ಸದ್ದು ಬಂತು. ಗೋಡೆಯ ಗೇಟು ತೆರೆದಿತ್ತು. ಎಲ್ಲರಿಗಿಂತ ಮುಂದೆ ನಮ್ಮ ಅಡುಗೆಯಾಕೆ, ಕೈಯಲ್ಲಿ ಇನ್ನೂ ಸೌಟು. ಅವಳ ಹಿಂದೆ ಫ್ಲ್ಯಾಟುಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಕೆಲಸದವರು, ಡ್ರೈವರುಗಳು, ಕಾರು ತೊಳೆಯುವವರು. ಗೇಟಿನ ಮಧ್ಯದಲ್ಲಿ, ಮತ್ತೆ ಮುಚ್ಚದಂತೆ ಅಡ್ಡ ನಿಂತು, ಅಮ್ಮ ಅಪ್ಪಟ ಕನ್ನಡದಲ್ಲಿ ಕೂಗುತ್ತಿದ್ದರು: "ಓಡೇ! ಸೌಟು ಬಿಸಾಕಿ ಓಡೇ!"

ಬಿಹಾರದವಳಿಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಅವಳು ಸೌಟನ್ನು ನನ್ನ ಕೈಗೆ ತುರುಕುವಷ್ಟರಲ್ಲಿ ಉಳಿದವರೆಲ್ಲ ಅವಳನ್ನು ದಾಟಿ ತಮ್ಮ ತಮ್ಮ ಸಾಲು ಸೇರಿಕೊಂಡಿದ್ದರು. ಅವಳು ಹೆಂಗಸರ ಸಾಲಿನ ಕೊನೆಗೆ ಹೋಗಿ ನಿಲ್ಲುವುದಕ್ಕೂ ಆರು ಬಡಿಯುವುದಕ್ಕೂ ಸರಿಹೋಯಿತು. ನನಗೆ ತಪ್ಪಿದ ಒಂದನೇ ನಂಬರ್ ಚೀಟಿ ಆ ಸಾಲಿನಲ್ಲಿ ಅವಳಿಗೇ ಸಿಕ್ಕಿತು.

ಟೀಚರ್ ಮೇಡಂ ಅಮ್ಮನನ್ನು ನೋಡಿದರು, ಸೌಟು ಹಿಡಿದ ನನ್ನನ್ನು ನೋಡಿದರು. "ಇವರು ಪೋಲಿಯೋ ಮಾತಾಜಿಯ ಮಗ. ಏನೂ ಅಪಾಯವಿಲ್ಲ, ಬಿಡಿ" ಎಂದರು. ಪೇದೆ ಕೈ ಬಿಟ್ಟ. ಆದರೆ ಪಕ್ಕದಿಂದ ಕದಲಲಿಲ್ಲ.

ಅವಳು ಹೊರಗೆ ಬರುವವರೆಗೆ ಅಮ್ಮ ಗೇಟಿನಲ್ಲೇ ಚಾಪೆ ಹಾಸಿ ಕುಳಿತಿದ್ದರು. ಚಾಪೆ ಮತ್ತೆ ಎಲ್ಲಿಂದ ಬಂತೋ ತಿಳಿಯದು. ಕೊನೆಗೂ ಅಡುಗೆಯಾಕೆ ಬಾಗಿಲಲ್ಲಿ ಕಾಣಿಸಿಕೊಂಡಳು. ಅಂಗಳದ ನಡುವೆ ನಿಂತು ಎಡಗೈ ಮೇಲೆತ್ತಿ ಬೆರಳು ತೋರಿಸಿದಳು. ಶಾಯಿ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಅಮ್ಮ ಎದ್ದು ನಿಂತು ತಮ್ಮ ಬೆರಳು ಎತ್ತಿದರು. ಹಸಿರು ಜರಿಯಂಚಿನ ಸೀರೆಯನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಆಗಲೇ. ಜೊತೆಗೆ ಓಡಿಬಂದು ವೋಟು ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಬೆರಳು ಎತ್ತಿದರು. ಮುಂಡಾಸಿನ ಅಜ್ಜನೂ ಎತ್ತಿದ.

ನನಗೂ ಎದೆ ತುಂಬಿ ಬಂತು. ನಾನೂ ಎಡಗೈ ಎತ್ತಿದೆ.

ಪೇದೆ ಅದನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ. "ನಿಮ್ಮದು ಬೇಡ, ಬಾಬೂಜಿ. ನೀವು ಸೌಟು ತೋರಿಸಿ."